ಯಾರೂ ನೋಡದೇ ಇದ್ರೂ ಚಿತ್ರ ಬಿಡಿಸೋದು ಎಂತಕ್ಕೆ?

ಪಾಚಿಗೋಡೆ (ಹೊಸನಗರ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ತಾಳ್ಮೆಯಿಂದ ಓದಿ.

ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡ್ತೀನಿ. ರಾತ್ರಿ ಊಟ ಆಗಿ ಅಡುಗೆಮನೆ ಕೆಲಸ ಮುಗಿದ ಮೇಲೆ ವಾಟರ್ ಕಲರ್ ಇಟ್ಕೊಂಡು ಕೂರೋದು ಅಭ್ಯಾಸ. ಬಿಡಿಸೋದು ನಮ್ಮ ಕಡೆ ಮಳೆಗಾಲದಲ್ಲಿ ಕಾಣೋವೇ, ದರೆ (ಕಡಿದ ಮಣ್ಣಿನ ಗೋಡೆ) ಮೇಲಿನ ಪಾಚಿ, ಜರಿಗಿಡ, ಕೊಳೆತ ಮರದ ಮೇಲೆ ಏಳೋ ಅಣಬೆ, ಹಲಸಿನ ಮರದಲ್ಲಿ ಜೋತಾಡೋ ಸೀತಾಳೆ ದಂಡೆ. ಹಾಳೆಗಳೆಲ್ಲ ಒಂದು ಟ್ರಂಕಲ್ಲಿವೆ. ಮನೆಯವರು ಬಿಟ್ರೆ ಯಾರೂ ಅವನ್ನ ಕೈಲಿ ಹಿಡಿದು ನೋಡಿಲ್ಲ, ಮನೆಯವರೂ ಪೂರ್ತಿ ನೋಡಿಲ್ಲ.

ಯಾರಿಗಾದ್ರೂ ಗೊತ್ತಾದಾಗ ಕೇಳೋದು ಒಂದೇ, "ಎಂತಕ್ಕೆ ಬಿಡಿಸ್ತೀರಿ, ಮಾರ್ತೀರಾ?" ಇಲ್ಲ ಅಂದ್ರೆ "ಓ, ಆತ್ಮತೃಪ್ತಿಗೆ" ಅಂತ ಉತ್ತರನೂ ಅವರೇ ಹೇಳಿ ಮುಗಿಸ್ತಾರೆ. ನನಗೆ ಈ ಮಾತು ಒಪ್ಪಿಗೆ ಆಗ್ತಾ ಇಲ್ಲ. ಕೂತಾಗ ತೃಪ್ತಿ ಅನ್ನೋದೇ ಇರಲ್ಲ. ಪಾಚಿಗೆ ಇರೋದು ಒಂದು ಹಸಿರಲ್ಲ, ಒದ್ದೆ ಇದ್ದಾಗ ಒಂದು, ಮೋಡ ಸರಿದು ಬೆಳಕು ಬಿದ್ದಾಗ ಇನ್ನೊಂದು, ಒಣಗ್ತಾ ಬಂದಾಗ ಅಂಚಲ್ಲಿ ಕಂದು, ಅದು ಕಾಗದಕ್ಕೆ ಇಳಿಯೋ ತನಕ ಸಿಟ್ಟು, ಹಟ, ನಿದ್ದೆಗೇಡು. ತೃಪ್ತಿ ಬೇಕು ಅಂತ ಕೂತಿದ್ರೆ ಇಷ್ಟೊತ್ತಿಗೆ ಬಿಟ್ಟಿರ್ತಿದ್ದೆ.

ಹಂಗಂತ ಜನಕ್ಕೆ ತೋರಿಸೋಕೆ ಅಂತಲೂ ಅಲ್ಲ. ಮಧ್ಯೆ ಸ್ವಲ್ಪ ಕಾಲ ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ತಿದ್ದೆ. ಹೂವು ಹಾಕಿದ್ರೆ ತುಂಬ ಜನ ಮೆಚ್ತಾರೆ, ಅಣಬೆ ಹಾಕಿದ್ರೆ ಯಾರೂ ಮಾತಾಡಲ್ಲ. ಬರಬರ್ತಾ ಕೈ ತಾನಾಗೇ ಹೂವಿನ ಕಡೆ ಹೋಗೋಕೆ ಶುರುವಾಯ್ತು, ಅದು ಗಮನಕ್ಕೆ ಬಂದ ಕೂಡಲೇ ಹಾಕೋದು ನಿಲ್ಲಿಸಿದೆ. ನನಗೆ ಅಣಬೆ ಮುಖ್ಯ.

ಆದ್ರೂ ಟ್ರಂಕ್ ತುಂಬ್ತಾ ಬಂದ ಹಾಗೆ ಒಂದು ಕೊರೆತ ಶುರುವಾಗಿದೆ. ನೋಡೋರೇ ಇಲ್ದಿದ್ರೆ ಅದು ಮುಗಿದ ಕೆಲಸನಾ, ಅರ್ಧಕ್ಕೆ ನಿಂತ ಕೆಲಸನಾ? ಬರೆಯೋರು, ಹಾಡೋರು, ವೇಷ ಕಟ್ಟೋರು ಇಲ್ಲಿ ತುಂಬ ಜನ ಇದೀರಿ. ನೀವು ಯಾಕೆ ಮಾಡ್ತೀರಿ? ಒಬ್ರೂ ಕೇಳೋರು ನೋಡೋರು ಇಲ್ದಿದ್ರೂ ಮಾಡ್ತಿದ್ರಾ?

ಕೆಮ್ಮಣ್ಣು (ಸಾಗರ)

ಅಕ್ಕ, ನಮ್ಮದು ದೀವರ ಮನೆ. ಅಜ್ಜಿ ಹಸೆ ಚಿತ್ತಾರ ಬರೀತಿದ್ರು, ಅಮ್ಮ ಈಗ್ಲೂ ಬರೀತಾರೆ. ನಿಮ್ಮ ಪ್ರಶ್ನೆನ ಅಜ್ಜಿ ಹತ್ರ ಕೇಳಿದ್ರೆ ಅವರಿಗೆ ಪ್ರಶ್ನೆನೇ ಅರ್ಥ ಆಗ್ತಿರಲಿಲ್ಲ ಅನ್ಸುತ್ತೆ. ಮದುವೆ ಇದೆ, ಅದಕ್ಕೆ ಬರೀಬೇಕು, ಅಷ್ಟೇ. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದು ಬಿಳಿ, ಅಕ್ಕಿ ಸುಟ್ಟು ಕಪ್ಪು, ಗುರಿಗೆ ಕಾಯಿಂದ ಹಳದಿ, ಬ್ರಷ್ ಅಂದ್ರೆ ಪುಂಡಿ ನಾರು, ಅದ್ರಲ್ಲಿ ಎಳೆ ಎಳೆಯೋದು. ಬರೆಯೋವಾಗ ಹೆಂಗಸರು ಹಾಡು ಹೇಳ್ಕೋತಾರೆ, ಮದುಮಕ್ಕಳನ್ನ ಆ ಗೋಡೆ ಮುಂದೆ ಹಸೆ ಮೇಲೆ ಕೂರಿಸ್ತಾರೆ. ಮದುವೆಗೆ ಬಂದೋರೆಲ್ಲ ಗೋಡೆ ನೋಡ್ತಾರೆ ನಿಜ, ಆದ್ರೆ ಅವರು ಚಿತ್ತಾರದ ಪ್ರೇಕ್ಷಕರು ಅಂತ ಅಲ್ಲ, ಊಟಕ್ಕೆ ಬಂದ ನೆಂಟರು.

ಭೂಮಿ ಹುಣ್ಣಿಮೆ ಬುಟ್ಟಿ ಇನ್ನೂ ದೊಡ್ಡ ಉದಾಹರಣೆ. ಬಿದಿರು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಅದರ ಮೇಲೆ ಸಣ್ಣ ಸಣ್ಣ ಎಳೆಯಲ್ಲಿ ಚಿತ್ತಾರ ಬರೀತಾರೆ, ದಸರಾ ಹೊತ್ತಿಗೆ ಕೂತ್ರೆ ಹುಣ್ಣಿಮೆ ತನಕ ಹಿಡಿಯುತ್ತೆ. ಆ ಬುಟ್ಟಿಲಿ ಅಡುಗೆ ತುಂಬ್ಕೊಂಡು ಬೆಳಕು ಹರಿಯೋಕೆ ಮುಂಚೆ ಗದ್ದೆಗೆ ಹೋಗೋದು, ತೆನೆ ಕಟ್ಟಿದ ಭೂಮಿ ಬಸುರಿ ಇದ್ದ ಹಾಗೆ, ಬಸುರಿಗೆ ಬಯಕೆ ಊಟ. ಕತ್ತಲಲ್ಲಿ, ತಲೆ ಮೇಲಿನ ಬುಟ್ಟಿಲಿ ಅಷ್ಟು ಸೂಕ್ಷ್ಮದ ಎಳೆ ಯಾರಿಗೆ ಕಾಣುತ್ತೆ? ಆದ್ರೂ ಒಂದು ಎಳೆ ತಪ್ಪಿದ್ರೆ ಅಜ್ಜಿ ಒರೆಸಿ ಮತ್ತೆ ಬರೀತಿದ್ರು. ನನಗನ್ನಿಸೋದು ಏನಂದ್ರೆ ಕಲೆಗೆ ಬೇಕಾಗಿರೋದು ಜನ ಅಲ್ಲ, ಒಂದು ಸಂದರ್ಭ. ಯಾವುದಕ್ಕೆ ಸೇರಿದ್ದು ಇದು ಅನ್ನೋದು ಗೊತ್ತಿದ್ರೆ ಕೊರೆತ ಇರಲ್ಲ. ನಿಮ್ಮ ಟ್ರಂಕಲ್ಲಿ ಇರೋ ಹಾಳೆಗಳಿಗೆ ಆ ಸೇರೋ ಜಾಗ ಸಿಕ್ಕಿಲ್ಲ.

ಇನ್ನೊಂದು ಮಾತು, ಇದನ್ನ ಹೇಳಿದ ಕೂಡಲೇ ಕೆಲವರು "ಹೌದು ಹೌದು ಹಳೇ ಕಾಲದೋರು ಹೆಸರಿಗೆ ಆಸೆ ಪಡ್ತಿರಲಿಲ್ಲ" ಅಂತ ಶುರು ಮಾಡ್ತಾರೆ. ಹಂಗೇನಿಲ್ಲ. ಯಾರ ಮನೆ ಗೋಡೆಲಿ ಎಳೆ ನೇರ ಬಂದಿದೆ, ಯಾರದ್ದು ಸೊಟ್ಟ, ಅದನ್ನ ಬರೆಯೋ ಹೆಂಗಸರು ಊರಿಡೀ ಮಾತಾಡ್ತಿದ್ರು. ಈಗ ಅಮ್ಮ ಹಾಳೆ ಮೇಲೆ ಬರೆದು ಫ್ರೇಮ್ ಹಾಕಿಸಿ ಮೇಳಕ್ಕೆ ಕಳಿಸ್ತಾರೆ, ಮೂಲೆಲಿ ಹೆಸರು ಬರೀತಾರೆ, ದುಡ್ಡು ಬರುತ್ತೆ, ನನಗೆ ಅದು ಹೆಮ್ಮೆ. ಆದ್ರೆ ಅಲ್ಲಿ ಬಂದೋರು ಎಲ್ಲಾ ಫ್ರೇಮ್‌ಗೂ "ಬ್ಯೂಟಿಫುಲ್" ಅಂತಾರಂತೆ. ಅದನ್ನ ಕೇಳ್ಕೊಂಡು ಬಂದು ಅಮ್ಮ ಅದೇ ಚಿತ್ತಾರನ ಪಕ್ಕದ ಮನೆ ಅತ್ತಿಗೆಗೆ ತೋರಿಸ್ತಾರೆ. ಅತ್ತಿಗೆ "ಇಲ್ಲಿ ಎಳೆ ದಪ್ಪ ಆತು" ಅಂದ್ರೇನೇ ಅಮ್ಮಂಗೆ ಸಮಾಧಾನ.

ಏರುಪದ (ತೀರ್ಥಹಳ್ಳಿ)

ಮೇಡಂ, ನಾನು ಯಕ್ಷಗಾನದವ, ಹವ್ಯಾಸಿ, ಹೆಚ್ಚಾಗಿ ತಾಳಮದ್ದಳೆಲಿ ಅರ್ಥ ಹೇಳೋದು. ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಕೇಳೋರು ಬೇಕೇ ಬೇಕು ಮಾರಾಯ್ರೆ.

ಹರಕೆ ಆಟ ನೋಡಿದವ್ರಿಗೆ ಗೊತ್ತಿರುತ್ತೆ. ಮಂದಾರ್ತಿ ಥರದ ಮೇಳಗಳಿಗೆ ಆಟ ಆಡಿಸ್ತೀವಿ ಅಂತ ಹರಕೆ ಹೊತ್ಕೊಂಡು ಮನೆ ಮುಂದೆ ಆಡಿಸೋದು. ಊರಿನೋರೆಲ್ಲ ಬರ್ತಾರೆ, ಆದ್ರೆ ರಾತ್ರಿ ಎರಡು ಗಂಟೆ ದಾಟಿದ ಮೇಲೆ ಎಷ್ಟೋ ಕಡೆ ಉಳಿಯೋದು ಮನೆಯವರು, ಮುಂದಿನ ಸಾಲಲ್ಲಿ ಕಂಬಳಿ ಹೊದ್ದು ಕೂತ ನಾಲ್ಕು ಹಿರಿಯರು, ಅಡ್ಡ ಬಿದ್ದು ನಿದ್ದೆ ಮಾಡೋ ಮಕ್ಕಳು. ಆಟ ನಿಲ್ಲಲ್ಲ, ಯಾಕಂದ್ರೆ ಆಟ ದೇವಿಗೆ ಒಪ್ಪಿಸಿದ್ದು, ಚೌಕಿಲಿ (ವೇಷ ಕಟ್ಟೋ ಜಾಗ) ಪೂಜೆ ಆಗಿ ಶುರುವಾಗಿದ್ದು. ಇಲ್ಲಿ ತನಕ ಕೆಮ್ಮಣ್ಣು ಅವರ ಮಾತೇ ಸರಿ ಅನ್ಸುತ್ತೆ. ಆದ್ರೆ ಖಾಲಿ ಕುರ್ಚಿ ಎದುರು ಕುಣಿಯೋ ವೇಷಧಾರಿನ ಹತ್ತಿರದಿಂದ ನೋಡಿ. ಅವನ ಹೆಜ್ಜೆ ಸಡಿಲ ಆಗ್ದೇ ಇರೋದು ದೇವಿ ಒಬ್ಬಳಿಂದ ಅಲ್ಲ, ಹಿಂದೆ ಭಾಗವತರು ಕೂತಿದಾರೆ, ಮದ್ದಳೆ ಚೆಂಡೆಯವರು ಕೂತಿದಾರೆ. ಒಂದು ಬಿಡ್ತಿಗೆ (ಮದ್ದಳೆ ಚೆಂಡೆ ಪೆಟ್ಟಿನ ಜೋಡಣೆ) ತಪ್ಪಿದ್ರೆ ಅವರಿಗೆ ತಕ್ಷಣ ಗೊತ್ತಾಗುತ್ತೆ. ನಡುರಾತ್ರಿಲೂ ಪೂರ್ತಿ ಎಚ್ಚರ ಇರೋ ಪ್ರೇಕ್ಷಕರು ರಂಗಸ್ಥಳದ ಮೇಲೇ ಇದಾರೆ.

ತಾಳಮದ್ದಳೆಲಿ ಇದು ಇನ್ನೂ ಸ್ಪಷ್ಟ. ವೇಷ ಇಲ್ಲ, ಕುಣಿತ ಇಲ್ಲ, ಮಳೆಗಾಲದಲ್ಲಿ ಯಾರದೋ ಮನೆ ಜಗುಲಿ. ಪ್ರಸಂಗದ ಪದ ಮೊದ್ಲೇ ಇರುತ್ತೆ, ಅದನ್ನ ಭಾಗವತರು ಹಾಡ್ತಾರೆ, ಅರ್ಥ ಮಾತ್ರ ನಾವು ಆ ಹೊತ್ತಿಗೆ ಕಟ್ಟಿ ಹೇಳೋದು. ನಾನು ಕರ್ಣ ಅಂತ ಇಟ್ಕೊಳ್ಳಿ, ಎದುರು ಕೃಷ್ಣನ ಅರ್ಥ ಹೇಳೋರು ಗಟ್ಟಿ ಇದ್ರೆ, ಮನೆಲಿ ಕೂತು ತಯಾರಿ ಮಾಡ್ಕೊಂಡು ಬಂದಿದ್ದು ಅರ್ಧಕ್ಕರ್ಧ ಕೆಲಸಕ್ಕೆ ಬರಲ್ಲ, ಅವರ ಒಂದು ಪ್ರಶ್ನೆಗೆ ನನ್ನೊಳಗಿಂದ ನನಗೇ ಗೊತ್ತಿಲ್ಲದ ಉತ್ತರ ಬರುತ್ತೆ, ಆ ಕರ್ಣ ಅವತ್ತು ಮಾತ್ರ ಇದ್ದ ಕರ್ಣ. ಎದುರಿನೋರು ಸಪ್ಪೆ ಇದ್ರೆ ಸಭೆ ತುಂಬಿದ್ರೂ ನನ್ನ ಮಾತೂ ಸಪ್ಪೆ. ಹಂಗಾಗಿ ನನ್ನ ಉತ್ತರ: ಚಪ್ಪಾಳೆ ಹೊಡೆಯೋರು ಬೇಡ, ಮಾತಿಗೆ ಮಾತು ಕೊಡೋರು ಬೇಕು. ನಿಮ್ಮ ವಾಟ್ಸಾಪ್ ಹಾರ್ಟ್‌ಗಳು ಕೊಟ್ಟಿದ್ದು ಮಾತಲ್ಲ, ಅದಕ್ಕೇ ಅದು ನಿಮ್ಮನ್ನ ಹೂವಿನ ಕಡೆ ಎಳೀತು. ನಿಮಗೆ ಬೇಕಿರೋದು ಅಣಬೆ ಚಿತ್ರ ನೋಡಿ ವಾದ ಮಾಡೋ ಒಬ್ಬರು.

ತುಂಗಾತೀರ (ಶಿವಮೊಗ್ಗ)

ಏರುಪದ ಅವರು ಹೇಳಿದ್ದು ಗಮಕಕ್ಕೂ ಹೊಂದುತ್ತೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಹೊರಗಿನ ಎಷ್ಟೋ ಜನ ಗಮಕ ಅಂದ್ರೇನು ಅಂತ ಹುಡುಕಿದ್ರು, ಆದ್ರೆ ಮತ್ತೂರು ಹೊಸಹಳ್ಳಿ ಕಡೆ ಭಾರತ ವಾಚನ ಕೇಳ್ತಾ ಬೆಳೆದವರಿಗೆ ಅದು ಮನೆ ಮಾತು. ಗಮಕಿ ಪದ್ಯ ಹಾಡ್ತಾರೆ, ಪಕ್ಕದಲ್ಲಿ ವ್ಯಾಖ್ಯಾನಕಾರರು ಬಿಡಿಸಿ ಹೇಳ್ತಾರೆ, ಅಂದ್ರೆ ಮೊದಲನೇ ಕೇಳುಗ ಪಕ್ಕದಲ್ಲೇ ಕೂತಿರ್ತಾನೆ. ಯಾವ ಶಬ್ದಕ್ಕೆ ಒತ್ತು ಬಿತ್ತು ಅಂತ ಅವನು ಗಮನಿಸಿದ್ರೇನೇ ಮುಂದಿನದು.

ಉಳಿ ಚಾಣ (ಸೊರಬ)

ಕೇಳೋರು ಬೇಕಾ ಬೇಡ್ವಾ ಅನ್ನೋ ಚರ್ಚೆ ಓದ್ತಾ ಇದ್ದೆ, ಒಂದು ವಿಷಯ ಯಾರೂ ಹೇಳ್ತಿಲ್ಲ ಅಂತ ಬರೀತಾ ಇದೀನಿ. ನಾವು ಗುಡಿಗಾರರು. ಶ್ರೀಗಂಧದ ಕೆತ್ತನೆ ಅಂತ ಸಾಗರ ಸೊರಬದ ಹೆಸರು ಹೊರಗೆ ಗೊತ್ತಾಗಿದ್ದು ನಮ್ಮ ಜನರ ಕೈಯಿಂದ. ನಮಗೆ ನೋಡೋನು ಅಂದ್ರೆ ಕೊಳ್ಳೋನು. ಅವನು ಬೇಡ ಅಂತ ಹೇಳೋ ಅನುಕೂಲ ನಮಗಿಲ್ಲ. ಮೇಡಂ ಮೇಲೆ ಬೇಜಾರಿಂದ ಹೇಳ್ತಿಲ್ಲ ಇದನ್ನ, ತಿಂಗಳಾದ್ರೆ ಸಂಬಳ ಬರೋರಿಗೆ ಮಾತ್ರ "ಯಾರಿಗೂ ತೋರಿಸದೇ ಮಾಡ್ಬಹುದಾ" ಅನ್ನೋ ಪ್ರಶ್ನೆ ಹುಟ್ಟುತ್ತೆ, ಅದನ್ನ ಮನಸ್ಸಲ್ಲಿ ಇಟ್ಕೊಂಡು ಮಾತಾಡಬೇಕು ಅಂತ. ಗಂಧ ಸಿಗೋದು ಕಷ್ಟ ಆಗಿ ಬೇರೆ ಮರಕ್ಕೆ ಕೈ ಹಾಕಿದಾಗ ನಮ್ಮಲ್ಲಿ ಎಷ್ಟೋ ಮನೆಯವರು ಉಳಿ ಕೆಳಗಿಟ್ರು, ಕಲೆ ಬತ್ತಿತು ಅಂತಲ್ಲ, ಮನೆ ನಡೀಲಿಲ್ಲ.

ಆದ್ರೆ ಇದರೊಳಗೇ ಇನ್ನೊಂದು ವಿಷಯನೂ ಇದೆ. ಕೊಳ್ಳೋನು ಹೇಳೋದು ಏನು, ಗಣಪತಿ ಬೇಕು, ಗೀತೋಪದೇಶ ಬೇಕು, ಆನೆ ಬೇಕು, ಇಷ್ಟು ಇಂಚು, ಇಷ್ಟು ದುಡ್ಡು. ಗಣಪತಿಯ ಸೊಂಡಿಲು ಹಿಂಗೇ ಇರಬೇಕು ಅಂತ ಅವನು ಹೇಳ್ತಾನೆ, ಶಾಸ್ತ್ರನೂ ಹೇಳುತ್ತೆ. ಸುತ್ತ ಪ್ರಭಾವಳಿಲಿ ಬಳ್ಳಿ ಹೆಂಗೆ ತಿರುಗಬೇಕು ಅಂತ ಯಾರೂ ಹೇಳಲ್ಲ. ನಮ್ಮ ಅಜ್ಜ ಅಲ್ಲಿ ಮಾಡ್ತಿದ್ದ ಕೆಲಸ ನೋಡ್ಬೇಕು ನೀವು. ಒಂದು ಎಲೆ ತಿರುವಿದ ಹಾಗೆ ಇನ್ನೊಂದಿಲ್ಲ, ಎಲೆ ಹಿಂದೆ ಒಂದು ಗಿಣಿ, ಮೊಗ್ಗಿನೊಳಗೆ ಮೊಗ್ಗು. ಆರ್ಡರ್ ಕೊಟ್ಟೋನು ಅದಕ್ಕೆ ಹೆಚ್ಚಿಗೆ ಒಂದು ರೂಪಾಯಿ ಕೊಡಲ್ಲ, ಹೊತ್ತು ಮಾತ್ರ ಗಣಪತಿಗಿಂತ ಹೆಚ್ಚು ಹೋಗ್ತಿತ್ತು. ಅಪ್ಪ ಕೇಳಿದ್ರೆ "ಗಣಪತಿ ಅವರದು, ಬಳ್ಳಿ ನಂದು" ಅಂತಿದ್ರಂತೆ. ಕೊಳ್ಳೋನಿಗೆ ಮಾಡಿದ ಕೆಲಸ, ತನಗೆ ಮಾಡ್ಕೊಂಡ ಕೆಲಸ, ಎರಡೂ ಒಂದೇ ಮರದ ತುಂಡಲ್ಲಿದೆ. ಹಂಗಾಗಿ ಬೇಕು, ಬೇಡ ಅಂತ ಎರಡು ಪಕ್ಷ ಮಾಡೋದು ನನಗೆ ಸರಿ ಕಾಣಲ್ಲ.

ಪಾಚಿಗೋಡೆ

ಉಳಿ ಚಾಣ ಅವರೇ, ಬೇಜಾರಿಲ್ಲ, ನೀವು ಹೇಳಿದ್ದು ಬೇಕಾಗಿತ್ತು. ಸಂಬಳ ಇರೋದ್ರಿಂದ ಅಣಬೆನೇ ಬಿಡಿಸ್ತೀನಿ ಅಂತ ಹಟ ಹಿಡಿಯೋಕೆ ಆಗ್ತಿದೆ, ನಿಜ. ಅಜ್ಜನ ಬಳ್ಳಿ ವಿಷಯ ಇನ್ನೂ ಸ್ವಲ್ಪ ಬರೀರಿ, ಆ ಕೆತ್ತನೆ ಯಾವುದಾದ್ರೂ ಮನೇಲಿ ಉಳಿದಿದೆಯಾ?

ಉಳಿ ಚಾಣ (ಸೊರಬ)

ಇಲ್ಲ ಮೇಡಂ, ಎಲ್ಲಾ ಮಾರಿದ್ದೇ. ಕಾಗದದ ಮೇಲೆ ಬರ್ಕೊಂಡಿದ್ದ ಬಳ್ಳಿಯ ನಕ್ಷೆ ಸ್ವಲ್ಪ ಇದಾವೆ, ಅಪ್ಪ ಜೋಪಾನ ಮಾಡಿದಾರೆ.

ಶಿಕಾರಿಪುರದವ

ಇಷ್ಟು ಮಾತಾದ ಮೇಲೂ ಬಳ್ಳಿಗಾವಿ ಬರಲಿಲ್ಲ ಅಂತ ನಾನೇ ಎತ್ತುತಾ ಇದೀನಿ. ಕಾಲೇಜಲ್ಲಿ ಇತಿಹಾಸ ಪಾಠ ಮಾಡೋದ್ರಿಂದ ಈ ವಿಷಯ ತಲೇಲಿ ತುಂಬ ಓಡಾಡಿದೆ, ಉದ್ದ ಆದ್ರೆ ಸಹಿಸ್ಕೊಳ್ಳಿ.

ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿ, ಈಗ ಸಣ್ಣ ಊರು, ಆಗ ಮಠ, ದೇವಸ್ಥಾನ, ವಿದ್ಯೆಗೆ ದೊಡ್ಡ ಹೆಸರು. ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ 1117ರಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ದಾಸೋಜ, ಅವನ ಮಗ ಚಾವಣ, ಇಬ್ರೂ ಬಳ್ಳಿಗಾವಿಯವರು. ನಮಗೆ ಇದು ಹೆಂಗೆ ಗೊತ್ತು ಅಂದ್ರೆ ಅವರೇ ಬರೆದಿಟ್ಟಿದಾರೆ. ಮದನಿಕೆ ವಿಗ್ರಹಗಳ ಬುಡದಲ್ಲಿ ಹೆಸರು, ಊರು, ಬಿರುದು ಎಲ್ಲಾ ಕೊರೆದಿದಾರೆ. ತರೀಕೆರೆ ಕಡೆ ಅಮೃತಾಪುರದ ದೇವಸ್ಥಾನ ನೋಡಿದೀರಲ್ಲ, 1196ರದ್ದು, ಅಲ್ಲಿ ಮಲ್ಲಿತಮ್ಮನ ಹೆಸರು, ಅದೇ ಹೆಸರು ಸೋಮನಾಥಪುರದಲ್ಲೂ ಸಿಗುತ್ತೆ. ಹಂಗಾಗಿ ನಮ್ಮ ಹಳೇ ಕಲಾವಿದರು ಹೆಸರು ಬಿಟ್ಟುಕೊಟ್ಟಿದ್ರು ಅನ್ನೋ ಮಾತು ಈ ಸೀಮೆಗಂತೂ ನಿಲ್ಲಲ್ಲ.

ಈಗ ಯೋಚನೆ ಮಾಡಿ, ದಾಸೋಜ ಹೆಸರು ಕೊರೆದಿದ್ದು ಯಾರು ಓದ್ಲಿ ಅಂತ? ಮದನಿಕೆ ಇರೋದು ಸೂರಿನ ಕೆಳಗೆ, ಕೆಳಗೆ ನಿಂತ ಭಕ್ತರಿಗೆ ಆ ಅಕ್ಷರ ಸಲೀಸಾಗಿ ಓದೋಕೆ ಬರಲ್ಲ. ಅಟ್ಟಣಿಗೆ ಹತ್ತಿ ಪಕ್ಕದ ವಿಗ್ರಹ ಕೂರಿಸ್ತಿದ್ದ ಇನ್ನೊಬ್ಬ ಶಿಲ್ಪಿಗೆ ಚೆನ್ನಾಗಿ ಕಾಣುತ್ತೆ. ಅವನು ಓದ್ಲಿ ಅಂತಲೇ ಕೊರೆದಿದ್ದು ಅಂತ ನನ್ನ ಊಹೆ, ಬಿರುದುಗಳೂ ಎದುರಾಳಿ ಶಿಲ್ಪಿಗಳಿಗೆ ಸವಾಲು ಹಾಕೋ ಧಾಟಿಯಲ್ಲೇ ಇವೆ. ಕೆಮ್ಮಣ್ಣು ಅವರ ಅಮ್ಮ ಅತ್ತಿಗೆಗೆ ತೋರಿಸೋದೂ ಅದೇ ಅಲ್ವಾ.

ಇನ್ನು ಅದೇ ಊರು, ಅದೇ ಶತಮಾನ, ಅಲ್ಲಮ. ಹರಿಹರ ರಗಳೆಲಿ ಹೇಳೋ ಪ್ರಕಾರ ಅವನು ಮದ್ದಳೆ ನುಡಿಸೋದ್ರಲ್ಲಿ ನಿಪುಣ. ಅಂದ್ರೆ ಎದುರಿಗೆ ಜನ ಕೂತಿದ್ದ, ಮೆಚ್ಚುಗೆ ಕಂಡಿದ್ದ ಕಲಾವಿದ. ಅದನ್ನ ಬಿಟ್ಟು ಹೋದ ಮೇಲೆ ಹುಟ್ಟಿದ ವಚನಗಳಲ್ಲಿ ತನ್ನ ಹೆಸರು ಬರೋ ಜಾಗದಲ್ಲಿ ಗುಹೇಶ್ವರ. ಪಕ್ಕದ ಉಡುತಡಿಯ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನ ಅಂದಳು. ಒಬ್ಬ ಕಲ್ಲಿನ ಬುಡದಲ್ಲಿ ತನ್ನ ಹೆಸರು ಕೊರೆದ, ಇನ್ನೊಬ್ಬ ತನ್ನ ಹೆಸರನ್ನೇ ತೆಗೆದ, ಇಬ್ಬರ ಮಧ್ಯೆ ಕಾಲದ ಅಂತರ ಹೆಚ್ಚೇನಿಲ್ಲ. ನಾನು ಬಹಳ ದಿನ ಇವರಿಬ್ಬರನ್ನ ವಿರುದ್ಧ ದಿಕ್ಕು ಅಂತಲೇ ಪಾಠ ಮಾಡ್ತಿದ್ದೆ, ಈಗ ನನಗೆ ಮುಖ್ಯ ಅನ್ನಿಸೋದು ಇಬ್ಬರಲ್ಲೂ ಸಮಾನ ಇರೋದು. ಅಲ್ಲಮನ ವಚನ ಸುಮ್ನೆ ತನಗೆ ತಾನೇ ಹೇಳ್ಕೊಂಡ ಮಾತಲ್ಲ. ಎದುರು ಯಾರೋ ಇದಾರೆ, ಕೆಣಕ್ತಾನೆ, ಪ್ರಶ್ನೆ ಕೇಳ್ತಾನೆ. 15ನೇ ಶತಮಾನದಲ್ಲಿ ಶೂನ್ಯಸಂಪಾದನೆ ಕಟ್ಟಿದವರು ವಚನಗಳನ್ನ ಸಂವಾದದ ರೂಪದಲ್ಲಿ ಜೋಡಿಸಿದ್ದು ಅದಕ್ಕೇ ಸಾಧ್ಯ ಆಯ್ತು, ಆ ಮಾತುಗಳಲ್ಲೇ ಎದುರಿನವನಿಗೆ ಜಾಗ ಇತ್ತು. ಹೆಸರು ಬೇಡ ಅಂದವನಿಗೂ ಎದುರು ಒಬ್ಬ ಬೇಕಾಯ್ತು.

ಡಾರ್ಕ್‌ರೂಮ್ (ಶಿವಮೊಗ್ಗ)

ಎಲ್ರೂ "ಎದುರು ಒಬ್ಬ ಬೇಕು" ಅನ್ನೋ ಕಡೆಗೇ ಹೋಗ್ತಿದೀರಿ, ನಾನು ಸ್ವಲ್ಪ ತಡೀತೀನಿ. ಹಂಗಾದ್ರೆ ವಿವಿಯನ್ ಮೇಯರ್ ಬಗ್ಗೆ ಏನ್ ಹೇಳ್ತೀರಿ? ಅಮೆರಿಕದಲ್ಲಿ ಮನೆಗಳಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಕೆಲಸ ಮಾಡ್ಕೊಂಡಿದ್ದ ಹೆಂಗಸು, ಜೀವನ ಪೂರ್ತಿ ನ್ಯೂಯಾರ್ಕ್, ಶಿಕಾಗೋ ಬೀದಿಗಳಲ್ಲಿ ಫೋಟೋ ತೆಗೆದ್ರು. ಬಾಡಿಗೆ ಗೋಡೌನಲ್ಲಿ ಇಟ್ಟಿದ್ದ ಪೆಟ್ಟಿಗೆಗಳು 2007ರಲ್ಲಿ ಹರಾಜಾದಾಗ ಹೊರಗೆ ಬಂತು, ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್. 2009ರಲ್ಲಿ ಅವರು ತೀರ್ಕೊಂಡ್ರು, ಜಗತ್ತಿಗೆಲ್ಲ ಹೆಸರು ಗೊತ್ತಾಗಿದ್ದು ಅದಾದ ಮೇಲೆ. ನನ್ನ ತಲೆ ಕೆಡಿಸಿದ್ದು ಇದಲ್ಲ. ನೂರಾರು ರೋಲ್ ತೊಳೆಸಿಯೇ ಇರಲಿಲ್ಲ. ಅಂದ್ರೆ ಬೇರೆಯವರಿಗೆ ತೋರಿಸೋ ಮಾತಿರ್ಲಿ, ಅವರೇ ಆ ಚಿತ್ರ ನೋಡಿಲ್ಲ!

ನಾನು ಫಿಲ್ಮ್‌ನಲ್ಲಿ ಕೆಲಸ ಕಲಿತವನು, ಆಮೇಲೆ ಡಿಜಿಟಲ್‌ಗೆ ಬಂದೆ. ಫಿಲ್ಮ್‌ನಲ್ಲಿ ಶಟರ್ ಒತ್ತಿದ ಆ ಘಳಿಗೆ ಇದೆಯಲ್ಲ, ಬೆಳಕು, ಮುಖ, ಹಿಂದಿನ ಗೋಡೆ ಎಲ್ಲಾ ಒಟ್ಟಿಗೆ ಸರಿಯಾಗಿ ಕೂತಾಗ, ಆಗ್ಲೇ ಒಳಗೆ ಗೊತ್ತಾಗಿ ಹೋಗುತ್ತೆ ಸಿಕ್ತು ಅಂತ. ಚಿತ್ರ ಕೈಗೆ ಬರೋದು ಆಮೇಲಿನ ವಿಷಯ. ಆ ಘಳಿಗೆಲಿ ನನಗೆ ಎದುರು ಯಾರೂ ಬೇಕಾಗಿಲ್ಲ. ನೋಡೋದೇ ಕೆಲಸ, ಕ್ಯಾಮೆರಾ ಇರೋದು ಇನ್ನೂ ಗಟ್ಟಿಯಾಗಿ ನೋಡೋದಕ್ಕೆ. ಪಾಚಿಗೋಡೆ ಅವರು ಒಂದು ಹಸಿರಿಗೆ ರಾತ್ರಿಯಿಡೀ ಹೆಣಗೋದೂ ಇದೇ ಅಂತ ನನಗೆ ಅನ್ಸುತ್ತೆ, ಬಿಡಿಸದೇ ಇದ್ರೆ ಆ ಪಾಚಿಲಿ ಅಷ್ಟು ಹಸಿರಿದೆ ಅಂತ ಅವರಿಗೇ ಗೊತ್ತಾಗ್ತಿರಲಿಲ್ಲ.

ಹಂಗಂತ ಮೇಯರ್ ಅವರನ್ನ ಋಷಿ ಮಾಡೋಕೂ ನನಗೆ ಇಷ್ಟ ಇಲ್ಲ. ತೊಳೆಸೋಕೆ ದುಡ್ಡಿಲ್ಲದೇ ಇದ್ದಿರಬಹುದು, ತೋರಿಸೋಕೆ ಜಾಗ ಇಲ್ಲದೇ ಇದ್ದಿರಬಹುದು, ಉಳಿ ಚಾಣ ಹೇಳಿದ ಮಾತು ಅಲ್ಲೂ ನಡೆಯುತ್ತೆ. ಲೇಖಕ ಕಾಫ್ಕಾ ವಿಷಯನೂ ಹಂಗೇ, ಎಲ್ಲಾ ಸುಟ್ಟುಬಿಡು ಅಂತ ಗೆಳೆಯ 'ಮ್ಯಾಕ್ಸ್ ಬ್ರಾಡ್'ಗೆ ಹೇಳಿದ್ದ ಅಂತ ಎಲ್ರೂ ಹೇಳ್ತಾರೆ, ಬದುಕಿದ್ದಾಗಲೇ ಕೆಲವು ಕತೆ ಅಚ್ಚು ಹಾಕಿಸಿದ್ದ ಅನ್ನೋದನ್ನ ಹೇಳಲ್ಲ. 1924ರಲ್ಲಿ ಸತ್ತ, ಬ್ರಾಡ್ ಸುಡಲಿಲ್ಲ, ಮರುವರ್ಷವೇ ಕಾದಂಬರಿ ಹೊರಗೆ ಬಂತು. ಗೆಳೆಯ ಮಾಡಿದ್ದು ಸರಿನಾ? ಓದುಗನಾಗಿ ನಾನು ಸರಿ ಅಂತೀನಿ, ಸುಡು ಅಂದ ಗೆಳೆಯ ನಾನಾಗಿದ್ರೆ ಆ ಮಾತು ಆಡೋದು ಕಷ್ಟ.

ಏರುಪದ (ತೀರ್ಥಹಳ್ಳಿ)

ಡಾರ್ಕ್‌ರೂಮ್ ಅವರೇ, ಮಾಡೋ ಘಳಿಗೆಲಿ ಯಾರೂ ಬೇಡ ಅನ್ನೋದು ಒಪ್ಪಿದೆ. ಆದ್ರೆ ಆ ಘಳಿಗೆ ಬರೋಕೆ ಮುಂಚೆ ಕಣ್ಣು ತಯಾರಾಗಿರಬೇಕಲ್ಲ. ನಿಮ್ಮ ಕಣ್ಣು ಬೇರೆಯವರ ಫೋಟೋ ನೋಡಿ ನೋಡಿನೇ ತಯಾರಾಗಿದ್ದು. ಅವರೆಲ್ಲ ಟ್ರಂಕಲ್ಲಿ ಇಟ್ಟಿದ್ರೆ ನೀವು ಏನು ನೋಡಿ ಕಲೀತಿದ್ರಿ? ತೋರಿಸೋದು ಹೆಸರಿಗೆ ಅಲ್ಲದಿದ್ರೂ ಮುಂದೆ ಮಾಡೋನಿಗೆ ಬೇಕಾಗುತ್ತೆ.

ಡಾರ್ಕ್‌ರೂಮ್ (ಶಿವಮೊಗ್ಗ)

ಇದು ಗಟ್ಟಿ ಮಾತು. ಸದ್ಯಕ್ಕೆ ನನ್ನ ಹತ್ರ ಉತ್ತರ ಇಲ್ಲ, ಯೋಚನೆ ಮಾಡ್ತೀನಿ.

ಅಡಿಕೆ ಸೋಗೆ (ಹೆಗ್ಗೋಡು ಹತ್ರ)

ಇಷ್ಟು ದಿನ ಓದ್ತಾ ಮಾತ್ರ ಇದ್ದೆ. ಪ್ರೇಕ್ಷಕರು ಅಂದ್ರೆ ಎಲ್ಲೋ ಮೊದ್ಲೇ ಇರ್ತಾರೆ, ಅವರು ಬಂದ್ರೆ ಬಂದ್ರು ಇಲ್ದಿದ್ರೆ ಇಲ್ಲ ಅನ್ನೋ ಥರ ಎಲ್ರೂ ಮಾತಾಡ್ತಿದೀರಿ. ನಮ್ಮೂರಲ್ಲಿ ನಡೆದಿದ್ದು ಬೇರೆ. ಇಲ್ಲಿನ ನಾಟಕ ಸಂಸ್ಥೆ ನೀನಾಸಂ ಶುರುವಾಗಿದ್ದು 1949ರಲ್ಲಿ, ಕೆ.ವಿ. ಸುಬ್ಬಣ್ಣ ಮತ್ತೆ ಊರಿನ ಗೆಳೆಯರು ಸೇರಿ. ನಾಟಕ ಮಾಡಿದ್ರು ಸರಿ, ಅದರ ಜೊತೆಗೇ ನೋಡೋರನ್ನೂ ಬೆಳೆಸಿದ್ರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದೋರಿಗೆ ಬೇರೆ ಬೇರೆ ದೇಶದ ಸಿನಿಮಾ ತೋರಿಸಿ ಚರ್ಚೆ ಮಾಡ್ತಿದ್ರು, ಆಮೇಲೆ ಸಂಸ್ಕೃತಿ ಶಿಬಿರ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಿಂದ ತಿರುಗಾಟ, ಅಂದ್ರೆ ನಾಟಕನೇ ಊರೂರಿಗೆ ಹೋಗೋದು. 1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು ಎಲ್ರಿಗೂ ಗೊತ್ತು, ನಾನು ಹೇಳೋದು ಪ್ರಶಸ್ತಿ ಬಗ್ಗೆ ಅಲ್ಲ. ನನ್ನ ಅಪ್ಪ ನಾಲ್ಕನೇ ಕ್ಲಾಸು ಓದಿದವರು, ನಾಟಕ ಮುಗಿದ ಮೇಲೆ ಮನೆಗೆ ಬರೋ ದಾರಿಯಿಡೀ "ಆ ರಾಜನ ಪಾತ್ರ ಅಲ್ಲಿ ಸುಮ್ನೆ ನಿಂತಿದ್ದು ಯಾಕೆ" ಅಂತ ಮಾತಾಡ್ತಿದ್ರು. ಅಂಥ ಕಣ್ಣು ಹುಟ್ಟಿನಿಂದ ಬಂದಿದ್ದಲ್ಲ, ವರ್ಷಗಟ್ಟಲೆ ನೋಡಿ ನೋಡಿ ಬಂದಿದ್ದು.

ಮೇಡಂ, ನಿಮ್ಮ ಸ್ಟೇಟಸ್ ನೋಡಿದೋರಿಗೆ ಅಣಬೆ ಹಿಡಿಸಲಿಲ್ಲ ಅಂದ್ರೆ ಅವರು ಅಣಬೆ ನೋಡೋಕೆ ಕಲಿತಿಲ್ಲ ಅಂತ ಅರ್ಥ, ಅಷ್ಟೇ. ನಿಮ್ಮ ಹತ್ರ ಒಂದು ಶಾಲೆ ಮಕ್ಕಳಿದಾರೆ. ಮಳೆಗಾಲದಲ್ಲಿ ಅವರನ್ನ ಶಾಲೆ ಹಿಂದಿನ ದರೆ ಹತ್ರ ನಿಲ್ಸಿ, ಎಷ್ಟು ಥರದ ಹಸಿರಿದೆ ಹೇಳಿ ಅಂತ ಕೇಳಿ. ಆಮೇಲೆ ನಿಮ್ಮ ಹಾಳೆ ತೋರಿಸಿ. ಅದೂ ವಿಜ್ಞಾನ ಪಾಠನೇ.

ಪಾಚಿಗೋಡೆ

ಇಷ್ಟು ಚೆನ್ನಾಗಿ ಉತ್ತರ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಎಲ್ಲಾ ಒಮ್ಮೆಲೇ ಜೀರ್ಣ ಆಗಿಲ್ಲ, ಆದ್ರೂ ಅನಿಸಿದ್ದು ಹೇಳ್ತೀನಿ.

ಡಾರ್ಕ್‌ರೂಮ್ ಅವರು "ಯಾಕೆ ಬಿಡಿಸ್ತೀರಿ" ಅನ್ನೋದಕ್ಕೆ ಕೊಟ್ಟ ಉತ್ತರ ನನಗೆ ಪೂರ್ತಿ ಒಪ್ಪಿಗೆ. ಬಿಡಿಸೋವಾಗ ನೋಡೋ ಥರ ನಾನು ಬೇರೆ ಯಾವಾಗ್ಲೂ ನೋಡಲ್ಲ. ಹಂಗಾಗಿ ಇನ್ಮೇಲೆ ಯಾರಾದ್ರೂ ಕೇಳಿದ್ರೆ ಆತ್ಮತೃಪ್ತಿ ಅನ್ನೋಕೆ ಬಿಡಲ್ಲ, "ಸರಿಯಾಗಿ ನೋಡೋದಕ್ಕೆ" ಅಂತೀನಿ. ಕೊರೆತ ಇರೋದು ಬೇರೆ ಕಡೆ, ಅದನ್ನ ಏರುಪದ ಅವರು ಹಿಡಿದ್ರು. ಈ ಹಸಿರು ತಪ್ಪಿದೆ, ಇಲ್ಲಿ ನೆರಳು ಸುಳ್ಳು ಅಂತ ನನಗೆ ಹೇಳೋರು ಯಾರೂ ಇಲ್ಲ. ಸಭೆ ಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ, ಪ್ರದರ್ಶನ ಮಾಡಿ ಅಂತ ಒತ್ತಾಯ ಮಾಡೋರಿಗೆ ಈಗ್ಲೂ ಬೇಡ ಅಂತೀನಿ, ಆದ್ರೆ ಕೆಮ್ಮಣ್ಣು ಅವರ ಅಮ್ಮಂಗೆ ಇರೋ ಅತ್ತಿಗೆ ಥರದವರು ಒಬ್ಬರು ನನಗೂ ಬೇಕು. ಮಕ್ಕಳನ್ನ ದರೆ ಹತ್ರ ನಿಲ್ಲಿಸೋದು ಈ ಮಳೆಗಾಲದಲ್ಲೇ ಮಾಡ್ತೀನಿ.

ಕೆಳಗೆ ಒಂದು ಅಣಬೆ ಚಿತ್ರದ ಫೋಟೋ ಹಾಕಿದೀನಿ. ಬೂರುಗದ ಮರದ ಬೊಡ್ಡೆ ಮೇಲೆ ಎದ್ದಿದ್ದು, ಕೆಳಗಡೆ ಪಾಚಿ. ಚೆನ್ನಾಗಿದೆ ಅಂತ ಬರೀಬೇಡಿ ದಯವಿಟ್ಟು, ಏನು ತಪ್ಪಿದೆ ಹೇಳಿ.

ಉಳಿ ಚಾಣ (ಸೊರಬ)

ಅಣಬೆ ಕೆಳಗಿನ ಪದರಗಳು ಎಲ್ಲಾ ಒಂದೇ ಅಂತರದಲ್ಲಿ ಬಂದಿವೆ ಮೇಡಂ. ತೊಟ್ಟಿನ ಹತ್ರ ಒತ್ತಾಗಿ, ಅಂಚಿಗೆ ಬಂದ ಹಾಗೆ ಬಿಡಿ ಆಗ್ಬೇಕಲ್ವಾ? ಕೊಡೆ ದುಂಡಗೆ ಕಾಣ್ತಿಲ್ಲ ಅದ್ರಿಂದ.

ಡಾರ್ಕ್‌ರೂಮ್ (ಶಿವಮೊಗ್ಗ)

ಬೆಳಕು ಎಡಗಡೆಯಿಂದ ಬಂದಿದೆ, ಪಾಚಿ ನೆರಳೂ ಎಡಕ್ಕೇ ಬಿದ್ದಿದೆ ನೋಡಿ.

ಕೆಮ್ಮಣ್ಣು (ಸಾಗರ)

ಅಕ್ಕ, ಅಮ್ಮಂಗೆ ಫೋನಲ್ಲಿ ತೋರಿಸಿದೆ. ದೊಡ್ಡದು ಮಾಡಿ ತುಂಬ ಹೊತ್ತು ನೋಡಿದ್ರು. ಅಣಬೆ ಬಗ್ಗೆ ಏನೂ ಹೇಳಲಿಲ್ಲ. "ಆ ಹಸಿರು ಹೆಂಗೆ ಮಾಡಿದ್ರು ಕೇಳು, ಎಲೆ ಅರೆದಿದ್ದಾ ಅಂಗಡಿದಾ" ಅಂದ್ರು. ಅವರಿಗೆ ಚಿತ್ತಾರದಲ್ಲಿ ಹಸಿರು ಇಲ್ವಲ್ಲ, ಅದಕ್ಕೆ.

ಪಾಚಿಗೋಡೆ

ಮೂರೂ ಜನಕ್ಕೆ ಥ್ಯಾಂಕ್ಸ್. ಪದರದ ಅಂತರ ಮತ್ತೆ ನೆರಳು ಎರಡೂ ಸರಿ ಮಾಡಿ ಇನ್ನೊಂದು ಹಾಳೆ ಬಿಡಿಸ್ತೀನಿ.

ಅಮ್ಮಂಗೆ ಹೇಳಿ, ಅಂಗಡಿ ಬಣ್ಣನೇ. ವಿರಿಡಿಯನ್ ಅಂತ ಒಂದು ಹಸಿರು ಬರುತ್ತೆ, ಹಂಗೇ ಹಚ್ಚಿದ್ರೆ ಪ್ಲಾಸ್ಟಿಕ್ ಥರ ಕಾಣುತ್ತೆ, ಅದಕ್ಕೆ ಬರ್ನ್ಟ್ ಸಿಯೆನಾ ಅನ್ನೋ ಕಂದು ಸ್ವಲ್ಪ ಸೇರಿಸಿದ್ರೆ ಕಾಡಿನ ಹಸಿರಾಗುತ್ತೆ. ಅವರ ಹತ್ರ ನನಗೂ ಕೇಳೋದಿದೆ: ಗುರಿಗೆ ಕಾಯಿ ಹಳದಿ ಹಾಳೆ ಮೇಲೆ ಎಷ್ಟು ವರ್ಷ ನಿಲ್ಲುತ್ತೆ, ಬಿಸಿಲು ಬಿದ್ರೆ ಮಾಸುತ್ತಾ? ಮಾಸಲ್ಲ ಅಂದ್ರೆ ಈ ಸಲ ಪಾಚಿ ಅಂಚಿಗೆ ಅದನ್ನೇ ಹಚ್ಚಿ ನೋಡ್ತೀನಿ.